ಪ್ರಿಂಟರಿಗೆ ಯಾವ ಭಾಷೆ ಬರುತ್ತದೆ?

ಪ್ರಿಂಟರ್ ಕೆಲಸ ಮಾಡುತ್ತಿಲ್ಲ ಎಂದು ಗೊತ್ತಿದ್ದವರಿಗೆ ಫೋನ್ ಮಾಡಿ ನೋಡಿ. ಆ ಕಡೆಯಿಂದ ಬರುವ ಮೊದಲ ಪ್ರಶ್ನೆ, ‘ಡ್ರೈವರ್ ಹಾಕಿದ್ದೀರಾ?’ ಡ್ರೈವರ್ ಎಂದರೆ ಬಸ್ಸು ಲಾರಿ ಓಡಿಸುವವರು ಎಂದು ತಿಳಿದು ಬೆಳೆದ ನಮಗೆ ಈ ಹೆಸರು ತುಸು ದಾರಿ ತಪ್ಪಿಸುತ್ತದೆ. ಈ ತಂತ್ರಾಂಶದ್ದು ದುಭಾಷಿಯ ಕೆಲಸ. ಕಂಪ್ಯೂಟರ್ ಹೇಳಿದ್ದನ್ನು ಪ್ರಿಂಟರಿಗೆ ತಿಳಿಯುವ ಮಾತಿನಲ್ಲಿ ಆ ಕಡೆಗೆ ದಾಟಿಸಬೇಕು. ಕಾಗದ ಮುಗಿದಿದೆ ಎಂದು ಪ್ರಿಂಟರ್ ಗೊಣಗಿದರೆ ಅದನ್ನು ಈಚೆಗೆ ತಿಳಿಸಬೇಕು.

ಈ ದುಭಾಷಿಗೆ ಒಂದು ವಿಚಿತ್ರ ಮಿತಿಯಿದೆ. ಅದೂ ಒಂದು ಪ್ರೋಗ್ರಾಮೇ. ಅದನ್ನು ನಡೆಸಬೇಕಾದದ್ದು ಕಂಪ್ಯೂಟರಿನ ಪ್ರೊಸೆಸರ್. ಪ್ರೊಸೆಸರುಗಳಲ್ಲಿ ಬೇರೆ ಬೇರೆ ಕುಲಗಳಿವೆ. ಇಂಟೆಲ್ ಕುಲದ ಪ್ರೊಸೆಸರಿಗೆ ‘ಈ ಎರಡು ಸಂಖ್ಯೆ ಕೂಡು’ ಎಂದು ಹೇಳುವ ಸೊನ್ನೆ-ಒಂದುಗಳ ಸಾಲು ಒಂದು ಬಗೆ. ನಮ್ಮ ಮೊಬೈಲುಗಳಲ್ಲಿರುವ ಆರ್ಮ್ ಕುಲದ್ದು ಇನ್ನೊಂದು ಬಗೆ. ಒಬ್ಬರಿಗೆ ಬರೆದ ಸಾಲು ಇನ್ನೊಬ್ಬರಿಗೆ ಬರೀ ಗದ್ದಲ. ಹಾಗಾಗಿ ಇಂಟೆಲ್ ಕಂಪ್ಯೂಟರಿಗೆಂದು ತಯಾರಾದ ಡ್ರೈವರ್, ಪ್ರಿಂಟರಿನ ಭಾಷೆಯನ್ನು ಎಷ್ಟೇ ಚೆನ್ನಾಗಿ ಬಲ್ಲದ್ದಾಗಿರಲಿ, ಆರ್ಮ್ ಕಂಪ್ಯೂಟರಿನಲ್ಲಿ ಬಾಯಿ ಬಿಡಲಾರದು. ಅದೇ ಪ್ರಿಂಟರು, ಅದೇ ಕೇಬಲ್ಲು, ಅದೇ ಕಡತ; ಆದರೂ ಒಳಗಿನ ಒಂದು ಚಿಪ್ಪು ಬದಲಾದದ್ದಕ್ಕೆ ಕಾಗದ ಖಾಲಿ.

ಇದು ತಂತ್ರಜ್ಞರ ತಲೆನೋವು, ನಮಗೇಕೆ ಎಂದು ಸಾಹಿತ್ಯದ ಓದುಗರು ಕೇಳಬಹುದು. ಬರೆದದ್ದು ಕಾಗದಕ್ಕೆ ಬರುವ ದಾರಿಯ ಇತಿಹಾಸ ನಮ್ಮದೂ ಹೌದು ಎಂಬುದು ನನ್ನ ನಂಬಿಕೆ. ಮೊಳೆ ಜೋಡಿಸುತ್ತಿದ್ದವರ ಬಗ್ಗೆ ಆಸ್ಥೆಯಿಂದ ಓದುವ ನಾವು ಅದರ ಮುಂದಿನ ಅಧ್ಯಾಯವನ್ನು ಬಿಟ್ಟುಬಿಡುತ್ತೇವೆ. ಆ ಅಧ್ಯಾಯವನ್ನು ಕೆದಕುತ್ತ ಹೋದಾಗ ನನಗೆ ಕಂಡದ್ದು ಐವತ್ತು ವರ್ಷಗಳ ಒಂದು ಹಗ್ಗಜಗ್ಗಾಟ: ಪುಟ ಹೇಗಿರಬೇಕು ಎಂಬ ತಿಳಿವಳಿಕೆ ಯಾರ ತಲೆಯಲ್ಲಿರಬೇಕು, ಕಂಪ್ಯೂಟರಿನದೋ, ಪ್ರಿಂಟರಿನದೋ?

ಮೊದಮೊದಲು ಈ ಪ್ರಶ್ನೆಯೇ ಇರಲಿಲ್ಲ. 1970ರಲ್ಲಿ ಅಮೆರಿಕದ ಸೆಂಟ್ರಾನಿಕ್ಸ್ ಕಂಪನಿ ತನ್ನ 101 ಎಂಬ ಮಾದರಿಯ ಪ್ರಿಂಟರನ್ನು ಹೊರತಂದಾಗ ಅದಕ್ಕೊಂದು ಸರಳ ಜೋಡಣೆ ಕೊಟ್ಟಿತ್ತು. ಎಂಟು ತಂತಿಗಳ ಮೇಲೆ ಒಂದು ಸಲಕ್ಕೆ ಒಂದು ಅಕ್ಷರ. ‘ಇಗೋ ಕಳಿಸಿದೆ’ ಎನ್ನಲು ಒಂದು ತಂತಿ, ‘ತಾಳು, ಕೈ ಬಿಡುವಿಲ್ಲ’ ಎನ್ನಲು ಒಂದು ತಂತಿ, ‘ಸಿಕ್ಕಿತು’ ಎನ್ನಲು ಮತ್ತೊಂದು. ಮುಂದೆ ದಶಕಗಟ್ಟಲೆ ಜಗತ್ತಿನ ಪ್ರಿಂಟರುಗಳ ಬೆನ್ನಿಗಿದ್ದ ಆ 36 ಪಿನ್ನಿನ ಅಗಲ ಕನೆಕ್ಟರ್ ಆಯ್ಕೆಯಾದದ್ದರ ಹಿಂದೆ ದೊಡ್ಡ ಸಂಶೋಧನೆಯೇನೂ ಇಲ್ಲ. ಸೆಂಟ್ರಾನಿಕ್ಸ್ ಹುಟ್ಟಿದ್ದು ಆನ್ ವಾಂಗ್ ಅವರ ಕಂಪನಿಯ ಮಡಿಲಲ್ಲಿ. ಅಲ್ಲಿ ಹಳೆಯ ಕ್ಯಾಲ್ಕುಲೇಟರಿಗೆಂದು ತರಿಸಿದ್ದ ಸುಮಾರು 20,000 ಕನೆಕ್ಟರುಗಳು ಮಿಕ್ಕಿದ್ದವು. ಇದ್ದದ್ದನ್ನು ಬಳಸಿದರು. ನಮ್ಮ ಮನೆಗಳಲ್ಲಿ ಮಿಕ್ಕ ಅನ್ನ ಚಿತ್ರಾನ್ನವಾದ ಹಾಗೆ.

ಈ ಜೋಡಣೆಯ ಸೊಗಸೆಂದರೆ, ಆ ಕಡೆಯಲ್ಲಿರುವ ಕಂಪ್ಯೂಟರಿನ ಪ್ರೊಸೆಸರ್ ಯಾವುದು ಎಂಬ ಗೊಡವೆಯೇ ಪ್ರಿಂಟರಿಗಿಲ್ಲ. ‘ಎ’ ಎಂಬ ಅಕ್ಷರಕ್ಕೆ 65 ಎಂಬ ಸಂಖ್ಯೆ ಎಂದು ಆಸ್ಕಿ ಕೋಷ್ಟಕ ಮೊದಲೇ ತೀರ್ಮಾನಿಸಿದೆ. ಯಾರೇ 65 ಕಳಿಸಿದರೂ ‘ಎ’ ಬೀಳುತ್ತದೆ. ದಪ್ಪ ಅಕ್ಷರ, ಅಗಲ ಅಕ್ಷರಗಳಿಗೆ ಬೇರೆ ಸಂಕೇತಗಳು ಬೇಕಾದವು. ಅದಕ್ಕೆ ಎಪ್ಸನ್ ಕಂಪನಿ ಮಾಡಿದ ಏರ್ಪಾಡು ರೂಢಿಯಾಯಿತು: 27 ಎಂಬ ಸಂಖ್ಯೆ ಬಂದರೆ ಮುಂದಿನದು ಅಕ್ಷರವಲ್ಲ, ಆಜ್ಞೆ ಎಂದರ್ಥ. 27ರ ಹಿಂದೆ ‘ಇ’ ಬಂದರೆ ಇನ್ನು ದಪ್ಪ, ‘ಎಫ್’ ಬಂದರೆ ದಪ್ಪ ಸಾಕು. ಎಂಎಕ್ಸ್-80 ಎಂಬ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಜನಪ್ರಿಯವಾದ ಮೇಲೆ ಬೇರೆ ಕಂಪನಿಗಳೂ ಈ ಆಜ್ಞೆಗಳನ್ನೇ ಅನುಕರಿಸಿದವು.

ಕನ್ನಡದ ತೊಡಕು ಶುರುವಾಗುವುದು ಇಲ್ಲಿಂದಲೇ. ಆ ಪ್ರಿಂಟರಿನ ನೆನಪಿನಲ್ಲಿ ಇದ್ದದ್ದು ರೋಮನ್ ಅಕ್ಷರಗಳು ಮಾತ್ರ. ಕನ್ನಡ ಬೇಕೆಂದರೆ ಅಕ್ಷರ ಕಳಿಸುವ ಹಾಗಿಲ್ಲ, ಅಕ್ಷರದ ಚಿತ್ರ ಕಳಿಸಬೇಕು. ‘ಕ್ಷ’ ಎಲ್ಲಿ ಬಾಗುತ್ತದೆ, ‘ಸ್ತ್ರೀ’ಯ ಒತ್ತುಗಳು ಎಷ್ಟು ಕೆಳಗೆ ಇಳಿಯುತ್ತವೆ ಎಂಬುದನ್ನೆಲ್ಲ ಕಂಪ್ಯೂಟರೇ ಲೆಕ್ಕಹಾಕಿ ಚುಕ್ಕಿಗಳ ಕಂಬಗಳಾಗಿ ಕಡಿದು ಕಳಿಸಬೇಕು. ಪ್ರಿಂಟರಿನ ತಲೆ ಒಂದು ಸಾಲು ಕನ್ನಡಕ್ಕೆ ಒಂದಕ್ಕಿಂತ ಹೆಚ್ಚು ಸಲ ಅತ್ತಿಂದಿತ್ತ ಓಡಬೇಕು. ಆ ಕರಕರ ಸದ್ದು ಇಂಗ್ಲಿಷಿಗಿಂತ ಕನ್ನಡಕ್ಕೆ ಹೆಚ್ಚು ಹೊತ್ತು ಕೇಳುತ್ತಿದ್ದುದು ಹಳಬರಿಗೆ ನೆನಪಿರಬಹುದು. ಅಂದರೆ ಇಂಗ್ಲಿಷಿನ ಮಟ್ಟಿಗೆ ಪ್ರಿಂಟರಿಗೂ ಒಂದಿಷ್ಟು ತಿಳಿವಳಿಕೆ ಇತ್ತು. ಕನ್ನಡದ ಮಟ್ಟಿಗೆ ಅದು ಬರೀ ಸೂಜಿ. ಪುಟದ ಬುದ್ಧಿಯೆಲ್ಲ ಕಂಪ್ಯೂಟರಿನದೇ.

ಚಿತ್ರ ಕಳಿಸುವಾಗ ಇನ್ನೊಂದು ಜಗಳ ಎದುರಾಗುತ್ತದೆ. ಪ್ರೊಸೆಸರುಗಳ ಕುಲಭೇದ ನೇರವಾಗಿ ಕಾಗದದ ಮೇಲೆ ಕಾಣಿಸಿಕೊಳ್ಳುವುದು ಇಲ್ಲಿ. ‘ಇಪ್ಪತ್ತೈದು’ ಎನ್ನುವಾಗ ನಾವು ಇಪ್ಪತ್ತನ್ನು ಮೊದಲು ಹೇಳಿ ಐದನ್ನು ಆಮೇಲೆ ಹೇಳುತ್ತೇವೆ. ಹಿಂದಿಯವರ ‘ಪಚ್ಚೀಸ್’ನಲ್ಲಿ ಐದು ಮೊದಲು, ಇಪ್ಪತ್ತು ಆಮೇಲೆ. ಸಂಖ್ಯೆ ಒಂದೇ, ಹೇಳುವ ಕ್ರಮ ಬೇರೆ. ಪ್ರೊಸೆಸರುಗಳೂ ಹಾಗೆಯೇ. ಒಂದು ಬೈಟಿನಲ್ಲಿ ಹಿಡಿಸದ ದೊಡ್ಡ ಸಂಖ್ಯೆಯನ್ನು ತುಂಡು ಮಾಡಿ ಇಡುವಾಗ ಮೊಟೊರೊಲಾ 68000 ದೊಡ್ಡ ತುಂಡನ್ನು ಮೊದಲಿಟ್ಟರೆ, ಇಂಟೆಲ್ ಸಣ್ಣದನ್ನು ಮೊದಲಿಡುತ್ತದೆ. ಎಪ್ಸನ್ ಪ್ರಿಂಟರಿಗೆ ‘480 ಕಂಬ ಚುಕ್ಕಿಗಳು ಬರುತ್ತಿವೆ’ ಎಂದು ಹೇಳಬೇಕಾದರೆ ಮೊದಲು 224, ಆಮೇಲೆ 1 ಎಂದು ಕಳಿಸಬೇಕು. 224ಕ್ಕೆ 256ನ್ನು ಒಂದು ಸಲ ಸೇರಿಸಿದರೆ 480. ತನ್ನ ರೂಢಿಯಂತೆ ದೊಡ್ಡದನ್ನು ಮೊದಲು ಕಳಿಸಿದ ಕಂಪ್ಯೂಟರಿಗೆ ಸಿಗುವುದು ಸಾವಿರಾರು ಕಂಬಗಳಿಗಾಗಿ ಕಾಯುತ್ತ ಕೂತ ಪ್ರಿಂಟರ್.

ಈ ಎರಡು ಪಂಗಡಗಳಿಗೆ ಹೆಸರು ಬಂದದ್ದು ಸಾಹಿತ್ಯದಿಂದ ಎಂಬುದು ನನಗೆ ಇಷ್ಟವಾದ ಸಂಗತಿ. ಜೊನಾಥನ್ ಸ್ವಿಫ್ಟನ ‘ಗಲಿವರನ ಪ್ರವಾಸಗಳು’ ಓದಿದವರಿಗೆ ಲಿಲಿಪುಟ್ಟಿನ ಯುದ್ಧ ಗೊತ್ತಿರುತ್ತದೆ. ಬೇಯಿಸಿದ ಮೊಟ್ಟೆಯನ್ನು ದಪ್ಪ ತುದಿಯಿಂದ ಒಡೆಯಬೇಕೋ ಸಣ್ಣ ತುದಿಯಿಂದಲೋ ಎಂದು ಅಲ್ಲಿನ ಜನ ತಲೆಮಾರುಗಳಿಂದ ಹೊಡೆದಾಡುತ್ತಾರೆ. ಕಂಪ್ಯೂಟರ್ ವಿಜ್ಞಾನಿ ಡ್ಯಾನಿ ಕೋಹೆನ್ 1980ರ ಏಪ್ರಿಲ್ 1ರಂದು ಬರೆದ ಟಿಪ್ಪಣಿಯೊಂದರಲ್ಲಿ ಬೈಟುಗಳ ಕ್ರಮದ ಜಗಳವನ್ನು ಈ ಮೊಟ್ಟೆ ಜಗಳಕ್ಕೆ ಹೋಲಿಸಿದರು. ಬಿಗ್ ಎಂಡಿಯನ್, ಲಿಟಲ್ ಎಂಡಿಯನ್ ಎಂಬ ಹೆಸರುಗಳು ನಿಂತೇಬಿಟ್ಟವು. ಯಾವ ಕ್ರಮವಾದರೂ ಸರಿ, ಎಲ್ಲರೂ ಒಂದನ್ನು ಒಪ್ಪಿ ಎಂದು ಅವರು ಕೇಳಿಕೊಂಡಿದ್ದರು. ಯಾರೂ ಒಪ್ಪಲಿಲ್ಲ.

ಈ ಜಗಳದಿಂದ ಪಾರಾಗುವ ದಾರಿಯನ್ನು ಹುಡುಕಿದ್ದು ಪುಟದ ಅಂದಚಂದದ ಹುಚ್ಚಿದ್ದವರು. ಡೊನಾಲ್ಡ್ ಕನೂತ್ ತಮ್ಮ ಪುಸ್ತಕದ ಹೊಸ ಮುದ್ರಣದ ಕರಡು ನೋಡಿ ಅಸಹ್ಯಪಟ್ಟು ‘ಟೆಕ್’ ಎಂಬ ಅಕ್ಷರಜೋಡಣೆಯ ತಂತ್ರಾಂಶವನ್ನೇ ಕಟ್ಟಲು ಕೂತದ್ದು ಪ್ರಸಿದ್ಧ ಕಥೆ. ಅವರ ಬಳಗದ ಡೇವಿಡ್ ಫುಕ್ಸ್ 1979ರಲ್ಲಿ ರೂಪಿಸಿದ ಕಡತದ ಬಗೆಗೆ ಇಟ್ಟ ಹೆಸರೇ ‘ಸಾಧನಕ್ಕೆ ಅಂಟದ್ದು’ ಎಂಬರ್ಥದ್ದು. ಪುಟದಲ್ಲಿ ಯಾವ ಅಕ್ಷರ ಎಲ್ಲಿ ಕೂರಬೇಕು ಎಂದಷ್ಟೇ ಅದರಲ್ಲಿರುತ್ತದೆ. ಯಾವ ಪ್ರಿಂಟರ್ ಎಂದಿರುವುದಿಲ್ಲ.

ಇನ್ನೊಂದು ದಾರಿ ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿತು. ಗ್ಯಾರಿ ಸ್ಟಾರ್ಕ್‌ವೆದರ್ ಲೇಸರ್ ಪ್ರಿಂಟರನ್ನು ಬೆಳೆಸಿದ ಜಾಗವದು. ಅಲ್ಲಿದ್ದ ಜಾನ್ ವಾರ್ನಾಕ್ ಮತ್ತು ಚಾರ್ಲ್ಸ್ ಗೆಶ್ಕೆ ಪುಟವನ್ನು ವಿವರಿಸುವ ಇಂಟರ್‌ಪ್ರೆಸ್ ಎಂಬ ಭಾಷೆಯ ಕೆಲಸದಲ್ಲಿದ್ದರು. ಕಂಪನಿ ಅದನ್ನು ಹೊರಗೆ ಬಿಡಲು ಮನಸ್ಸು ಮಾಡಲಿಲ್ಲ. ಇಬ್ಬರೂ 1982ರಲ್ಲಿ ಹೊರಬಂದು, ವಾರ್ನಾಕರ ಮನೆಯ ಹಿಂದೆ ಹರಿಯುತ್ತಿದ್ದ ಅಡೋಬಿ ಎಂಬ ತೊರೆಯ ಹೆಸರಿನಲ್ಲಿ ಕಂಪನಿ ಶುರುಮಾಡಿದರು. ಎರಡು ವರ್ಷಕ್ಕೆ ಪೋಸ್ಟ್‌ಸ್ಕ್ರಿಪ್ಟ್ ಬಂತು.

ಪೋಸ್ಟ್‌ಸ್ಕ್ರಿಪ್ಟ್ ಒಂದು ಪೂರ್ಣ ಪ್ರೋಗ್ರಾಮಿಂಗ್ ಭಾಷೆ. ನಾವು ಪ್ರಿಂಟರಿಗೆ ಕಳಿಸುವುದು ಚಿತ್ರವಲ್ಲ, ಚಿತ್ರ ಬರೆಯುವ ವಿಧಾನ. ಅದೂ ಓದಬಲ್ಲ ಸಾದಾ ಅಕ್ಷರಗಳಲ್ಲಿ. ಅದರ ವಾಕ್ಯರಚನೆ ನೋಡಿದರೆ ಕನ್ನಡಿಗರಿಗೆ ನಗು ಬರಬೇಕು. ಇಂಗ್ಲಿಷಿನವರು ಕ್ರಿಯಾಪದವನ್ನು ಮುಂದಿಟ್ಟು ‘ಹೋಗು ಅಲ್ಲಿಗೆ’ ಎನ್ನುತ್ತಾರೆ. ಪೋಸ್ಟ್‌ಸ್ಕ್ರಿಪ್ಟ್ ನಮ್ಮ ಹಾಗೆ ಕ್ರಿಯಾಪದವನ್ನು ಕೊನೆಗಿಡುತ್ತದೆ. ‘72 720 ಮೂವ್‌ಟು’ ಎಂದರೆ ಎಡದಿಂದ ಒಂದು ಇಂಚು, ಕೆಳಗಿನಿಂದ ಹತ್ತು ಇಂಚು ದೂರದ ಜಾಗಕ್ಕೆ ಹೋಗು. ಅಲ್ಲಿ ಒಂದು ಇಂಚೆಂದರೆ 72 ಅಂಶ. ಆಮೇಲೆ ಆವರಣದೊಳಗೆ ಬೇಕಾದ ಮಾತು, ಅದರ ಹಿಂದೆ ‘ಶೋ’. ಪುಟ ಮುಗಿಯಿತೆಂದರೆ ‘ಶೋಪೇಜ್’. ಕರ್ತೃ, ಕರ್ಮ ಮೊದಲಾದುವೆಲ್ಲ ಬಂದು ಕೂತ ಮೇಲೆ ಕ್ರಿಯಾಪದ ಬಂದು ಕೆಲಸ ಮುಗಿಸುವ ಈ ಕ್ರಮ ಯಂತ್ರಕ್ಕೂ ಸುಲಭ. 72, 720 ಎಂಬ ಸಂಖ್ಯೆಗಳು ಹೋಗುವುದೂ ಒಂದೊಂದೇ ಅಂಕೆಯಾಗಿ, ನಾವು ಬರೆಯುವ ಕ್ರಮದಲ್ಲೇ. ಹಾಗಾಗಿ ಲಿಲಿಪುಟ್ಟಿನ ಮೊಟ್ಟೆ ಇಲ್ಲಿ ಒಡೆಯುವುದೇ ಇಲ್ಲ. ಈ ಸಾಲುಗಳನ್ನು ಕಳಿಸಿದ ಕಂಪ್ಯೂಟರ್ ಯಾವ ಕುಲದ್ದೆಂದು ತಿಳಿಯುವ ಬಗೆ ಪ್ರಿಂಟರಿಗಿಲ್ಲ, ಬೇಕಾಗಿಯೂ ಇಲ್ಲ.

ಇದಕ್ಕೆ ತೆರಬೇಕಾದ ಬೆಲೆ ಮಾತ್ರ ದೊಡ್ಡದು. ಆಪಲ್ 1985ರಲ್ಲಿ ಲೇಸರ್‌ರೈಟರನ್ನು 6,995 ಡಾಲರಿಗೆ ಮಾರಾಟಕ್ಕಿಟ್ಟಿತು. ಅದರೊಳಗೆ 12 ಮೆಗಾಹರ್ಟ್ಸ್ ವೇಗದ ಮೊಟೊರೊಲಾ 68000 ಪ್ರೊಸೆಸರ್, 1.5 ಮೆಗಾಬೈಟ್ ಸ್ಮೃತಿ. ಅದಕ್ಕೆ ಪುಟ ಕಳಿಸುತ್ತಿದ್ದ ಮೊದಲ ಮ್ಯಾಕಿಂಟಾಷಿನಲ್ಲಿ ಅದೇ ಪ್ರೊಸೆಸರ್ 8 ಮೆಗಾಹರ್ಟ್ಸಿಗೂ ತುಸು ಕಡಿಮೆ ವೇಗದಲ್ಲಿ, 128 ಕಿಲೋಬೈಟ್ ಸ್ಮೃತಿಯೊಂದಿಗೆ ಓಡುತ್ತಿತ್ತು. ಅಂದರೆ ಧಣಿಗಿಂತ ಗುಮಾಸ್ತ ಜಾಣ. ಅದರ ಹಿಂದಿನ ವರ್ಷ ಎಚ್‌ಪಿ ತಂದ ಲೇಸರ್‌ಜೆಟ್‌ನ ಬೆಲೆ 3,495 ಡಾಲರ್, ಹೆಚ್ಚು ಕಡಿಮೆ ಅರ್ಧ. ಎರಡರ ಹೊಟ್ಟೆಯೊಳಗೂ ಇದ್ದದ್ದು ಕ್ಯಾನನ್ ತಯಾರಿಸಿದ ಒಂದೇ ಮುದ್ರಣಯಂತ್ರ. ಮಸಿ ಒಂದೇ, ಬೆಳಕು ಒಂದೇ, ಇಂಚಿಗೆ 300 ಚುಕ್ಕಿಯ ನಯವೂ ಒಂದೇ. ಲೇಸರ್‌ಜೆಟ್‌ನ ಸ್ಮೃತಿ 128 ಕಿಲೋಬೈಟ್. ಇಂಚಿಗೆ 300 ಚುಕ್ಕಿಯಂತೆ ಒಂದು ಪೂರ್ಣ ಪುಟದ ಚಿತ್ರ ಹಿಡಿಯಲು ಸುಮಾರು ಒಂದು ಮೆಗಾಬೈಟ್ ಬೇಕು. ಬೆಲೆಯ ಅಂತರದಲ್ಲಿ ಬಹುಪಾಲು ಆ ಬುದ್ಧಿಗೆ ಮತ್ತು ನೆನಪಿಗೆ ಸಂದದ್ದು.

ಇಷ್ಟು ದುಬಾರಿಯ ಬುದ್ಧಿಯನ್ನು ವ್ಯಾಪಾರಿಗಳು ಎಷ್ಟು ದಿನ ಸಹಿಸಿಯಾರು? 1990ರ ದಶಕದಲ್ಲಿ ಮೇಜಿನ ಮೇಲಿನ ಕಂಪ್ಯೂಟರುಗಳು ವರ್ಷದಿಂದ ವರ್ಷಕ್ಕೆ ಚುರುಕಾದವು. ಪ್ರಿಂಟರಿನೊಳಗೆ ಇನ್ನೊಂದು ಪ್ರೊಸೆಸರ್, ಇನ್ನೊಂದಿಷ್ಟು ಸ್ಮೃತಿ ಯಾಕೆ, ಲೆಕ್ಕವೆಲ್ಲ ಕಂಪ್ಯೂಟರೇ ಮಾಡಲಿ, ಪ್ರಿಂಟರ್ ಚುಕ್ಕಿ ಉದುರಿಸಿದರೆ ಸಾಕು ಎಂಬ ಯೋಚನೆ ಬಂತು. ವಿಂಡೋಸಿನ ಚಿತ್ರ ಬಿಡಿಸುವ ಭಾಗದ ಹೆಸರಿನಲ್ಲಿ ಇವಕ್ಕೆ ಜಿಡಿಐ ಪ್ರಿಂಟರುಗಳೆಂದು ಹೆಸರಾಯಿತು. ಬೆಲೆ ಇಳಿಯಿತು. ಮನೆಗೆ, ಸಣ್ಣ ಅಂಗಡಿಗೆ, ಜೆರಾಕ್ಸ್ ಅಂಗಡಿಗೆ ಲೇಸರ್ ಪ್ರಿಂಟರ್ ಬಂದದ್ದು ಈ ದಾರಿಯಿಂದ, ಅದನ್ನು ಅಲ್ಲಗಳೆಯಲಾಗದು. ಆದರೆ ಪುಟದ ತಿಳಿವಳಿಕೆಯೆಲ್ಲ ಡ್ರೈವರಿನೊಳಗೆ ಸೇರಿಕೊಂಡಿತು. ಎಚ್‌ಪಿಯ ಲೇಸರ್‌ಜೆಟ್ 1020 ನಮ್ಮಲ್ಲಿ ಎಷ್ಟೋ ಕಚೇರಿಗಳಲ್ಲಿ ಇನ್ನೂ ಕಾಣುತ್ತದೆ. ಅದಕ್ಕೆ ಸ್ವಿಚ್ ಹಾಕಿದಾಗಲೆಲ್ಲ ಅದರ ಒಳ ತಂತ್ರಾಂಶವನ್ನೇ ಕಂಪ್ಯೂಟರಿನಿಂದ ಕಳಿಸಬೇಕು. ಪ್ರತಿದಿನ ಬೆಳಿಗ್ಗೆ ತನ್ನ ಹೆಸರೇನೆಂದು ಬೇರೆಯವರಿಂದ ಕೇಳಿ ತಿಳಿಯುವ ಪ್ರಿಂಟರ್ ಅದು.

ಡ್ರೈವರೇ ಸರ್ವಸ್ವವಾದರೆ ಏನಾಗುತ್ತದೆ ಎಂಬುದನ್ನು ವಿಂಡೋಸ್ ಎನ್‌ಟಿ ತೋರಿಸಿಕೊಟ್ಟಿತು. ಡೇವ್ ಕಟ್ಲರ್ ಮುಂದಾಳತ್ವದಲ್ಲಿ ಮೈಕ್ರೋಸಾಫ್ಟ್ ಕಟ್ಟಿದ ಈ ವ್ಯವಸ್ಥೆ ಯಾವುದೇ ಒಂದು ಪ್ರೊಸೆಸರಿಗೆ ಅಂಟಿಕೊಳ್ಳಬಾರದೆಂಬುದು ಮೂಲ ಸಂಕಲ್ಪ. ಅದಕ್ಕಾಗಿ ಬಳಕೆಯಲ್ಲಿದ್ದ ಪಿಸಿ ಪ್ರೊಸೆಸರನ್ನು ಬೇಕೆಂದೇ ಬದಿಗಿಟ್ಟು ಬೇರೆ ಚಿಪ್ಪುಗಳ ಮೇಲೆ ಕೆಲಸ ಆರಂಭಿಸಿದ್ದರು. 1993ರಲ್ಲಿ ಹೊರಬಂದಾಗ ಇಂಟೆಲ್, ಮಿಪ್ಸ್, ಡೆಕ್ ಆಲ್ಫಾ ಮೂರಕ್ಕೂ ಅದು ಒಗ್ಗುತ್ತಿತ್ತು; 1995ರಲ್ಲಿ ಪವರ್‌ಪಿಸಿಯೂ ಸೇರಿತು. ಈಗ ಒಂದು ಕಚೇರಿಯನ್ನು ಊಹಿಸಿ. ಒಂದೇ ಪ್ರಿಂಟರ್, ನಾಲ್ಕು ಕುಲದ ಕಂಪ್ಯೂಟರುಗಳು. ಪ್ರಿಂಟರನ್ನು ನೋಡಿಕೊಳ್ಳುವ ಸರ್ವರಿನಲ್ಲಿ ಡ್ರೈವರುಗಳಿಗೆಂದು ಒಂದು ಉಗ್ರಾಣ. ಅದರೊಳಗೆ ಇಂಟೆಲ್ಲಿಗೊಂದು ಫೋಲ್ಡರ್, ಮಿಪ್ಸಿಗೊಂದು, ಆಲ್ಫಾಕ್ಕೊಂದು, ಪವರ್‌ಪಿಸಿಗೊಂದು. ಯಾವ ಕಂಪ್ಯೂಟರ್ ಬಂದು ಪ್ರಿಂಟರ್ ಕೇಳುತ್ತದೋ ಅದರ ಕುಲ ನೋಡಿ ಅದಕ್ಕೆ ತಕ್ಕ ದುಭಾಷಿಯನ್ನು ಸರ್ವರ್ ತಾನೇ ಕಳಿಸಿಕೊಡುತ್ತದೆ. ಬಳಸುವವರಿಗೆ ಇದೊಂದೂ ತಿಳಿಯುವುದಿಲ್ಲ. ನನಗೆ ಈ ಏರ್ಪಾಡು ಇವತ್ತಿಗೂ ಜಾಣತನದ್ದೆಂದೇ ಅನಿಸುತ್ತದೆ.

ಆದರೆ ಉಗ್ರಾಣದಲ್ಲಿ ಇಡಲು ದಿನಸಿ ಬೇಕಲ್ಲ. ಪ್ರಿಂಟರ್ ಕಂಪನಿ ತನ್ನ ಡ್ರೈವರನ್ನು ನಾಲ್ಕು ಕುಲಕ್ಕೂ ತಯಾರಿಸಿ ಪರೀಕ್ಷಿಸಿ ಕೊಡಬೇಕು. ಕೋಟಿಗಟ್ಟಲೆ ಇಂಟೆಲ್ ಗ್ರಾಹಕರಿರುವಾಗ ಬೆರಳೆಣಿಕೆಯ ಮಿಪ್ಸ್ ಬಳಕೆದಾರರಿಗೆ ಯಾರು ಆ ಶ್ರಮ ತೆಗೆದುಕೊಳ್ಳುತ್ತಾರೆ? ಇದಕ್ಕೆ ಮೈಕ್ರೋಸಾಫ್ಟ್ ಕಂಡುಕೊಂಡ ಉಪಾಯವೂ ಒಳ್ಳೆಯದೇ. ಎಲ್ಲ ಪ್ರಿಂಟರುಗಳಿಗೂ ಸಾಮಾನ್ಯವಾದ ಕೆಲಸವನ್ನು ತಾನೇ ಒಂದು ದೊಡ್ಡ ಡ್ರೈವರಾಗಿ ಎಲ್ಲ ಪ್ರೊಸೆಸರಿಗೂ ಬರೆದುಕೊಟ್ಟು, ಆಯಾ ಪ್ರಿಂಟರಿನ ವಿಶೇಷಗಳನ್ನು ಮಾತ್ರ ಕಂಪನಿಗಳಿಂದ ಕೇಳುವುದು. ವಿಂಡೋಸ್ 2000ದ ಹೊತ್ತಿಗೆ ಆ ವಿಶೇಷಗಳು ಬರೀ ಒಂದು ಪಠ್ಯ ಕಡತವಾದವು: ಈ ಪ್ರಿಂಟರಿಗೆ ಇಂಥ ಕಾಗದ, ಇಷ್ಟು ಚುಕ್ಕಿ, ಈ ಆಜ್ಞೆ. ಅಡೋಬಿ ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರುಗಳಿಗೆ ಇಂಥದೇ ವಿವರಣೆಯ ಕಡತವನ್ನು ಮೊದಲೇ ಮಾಡಿತ್ತು. ಪಠ್ಯಕ್ಕೆ ಪ್ರೊಸೆಸರಿನ ಕುಲವಿಲ್ಲ.

ಈ ಉಪಾಯಕ್ಕೆ ಬಗ್ಗದ ಕಂಪನಿಗಳು ಬೇಕಾದಷ್ಟಿದ್ದವು. 1996ರ ಎನ್‌ಟಿ 4ರಲ್ಲಂತೂ ಪ್ರಿಂಟರ್ ಡ್ರೈವರಿನ ಚಿತ್ರ ಬಿಡಿಸುವ ಭಾಗವನ್ನು ವೇಗಕ್ಕಾಗಿ ವ್ಯವಸ್ಥೆಯ ಗರ್ಭಗುಡಿಗೇ ಬಿಟ್ಟುಕೊಂಡರು; ಕೆಟ್ಟ ಡ್ರೈವರೊಂದು ಇಡೀ ಕಂಪ್ಯೂಟರನ್ನು ಕೆಡವಬಹುದಾಗಿತ್ತು. ಇಂಟೆಲ್ಲಿನ ಪ್ರೋಗ್ರಾಮುಗಳನ್ನು ಆಲ್ಫಾದಲ್ಲಿ ಓಡಿಸುವ ಅನುವಾದಕವನ್ನು ಡೆಕ್ ಕಂಪನಿ ಬರೆಯಿತು, ಆದರೆ ಗರ್ಭಗುಡಿಯೊಳಗಿನ ಡ್ರೈವರಿಗೆ ಅದು ಉಪಯೋಗಕ್ಕೆ ಬರುವಂಥದ್ದಲ್ಲ. ಮಿಪ್ಸ್, ಪವರ್‌ಪಿಸಿ ಬೇಗನೆ ಕೈಬಿಟ್ಟವು. 1999ರಲ್ಲಿ ಆಲ್ಫಾವೂ ಹೋಯಿತು. ಪ್ರಿಂಟರೊಂದೇ ಇದಕ್ಕೆ ಕಾರಣವೆಂದರೆ ಅತಿಶಯೋಕ್ತಿ. ಆ ಉಗ್ರಾಣದ ಖಾಲಿ ಫೋಲ್ಡರುಗಳು ಮಾತ್ರ ಮುಂದಿನ ದಿನಗಳ ಸೂಚನೆಯಾಗಿದ್ದವು. 32 ಬಿಟ್ಟಿನಿಂದ 64 ಬಿಟ್ಟಿಗೆ ವಿಂಡೋಸ್ ದಾಟಿದಾಗ, ಒಂದೇ ಕುಲದೊಳಗಿನ ದಾಟುವಿಕೆಯಾಗಿದ್ದರೂ, ಹೊಸ ಡ್ರೈವರ್ ಸಿಗದ ಎಷ್ಟೋ ಒಳ್ಳೆಯ ಪ್ರಿಂಟರುಗಳು ಗುಜರಿ ಸೇರಿದವು.

ಡ್ರೈವರಿನ ಮೂಲ ಬರಹ, ಅಂದರೆ ಸೋರ್ಸ್ ಕೋಡ್, ಕೈಯಲ್ಲಿದ್ದರೆ ಯಾರಾದರೂ ಅದನ್ನು ತಮ್ಮ ಪ್ರೊಸೆಸರಿಗೆ ಹೊಸದಾಗಿ ತಯಾರಿಸಿಕೊಳ್ಳಬಹುದು. ಕಂಪನಿಗಳು ಕೊಡುವುದು ಸಾಮಾನ್ಯವಾಗಿ ತಯಾರಾದ ಅಡಿಗೆಯನ್ನು, ಪಾಕವಿಧಾನವನ್ನಲ್ಲ. 1980ರ ಸುಮಾರಿಗೆ ಎಂಐಟಿಯ ಪ್ರಯೋಗಾಲಯದಲ್ಲಿ ರಿಚರ್ಡ್ ಸ್ಟಾಲ್‌ಮನ್ ಜೆರಾಕ್ಸ್ ಲೇಸರ್ ಪ್ರಿಂಟರಿನ ತಂತ್ರಾಂಶದ ಮೂಲ ಬರಹ ಕೇಳಿದ್ದು ಇಂಥದೇ ಕಾರಣಕ್ಕೆ. ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ಸುದ್ದಿ ಹೋಗುವಂತೆ ಹಳೆಯ ಪ್ರಿಂಟರಿನಲ್ಲಿ ಅವರೇ ಏರ್ಪಾಡು ಮಾಡಿದ್ದರು, ಹೊಸದರಲ್ಲೂ ಮಾಡಬೇಕೆಂದಿದ್ದರು. ಕೊಡಲಾಗದೆಂಬ ಉತ್ತರ ಬಂತು. 1983ರಲ್ಲಿ ಗ್ನೂ ಯೋಜನೆ ಸಾರಿದ ಮನುಷ್ಯನ ಸಿಟ್ಟಿನ ಬೇರುಗಳಲ್ಲಿ ಒಂದು ಆ ಪ್ರಿಂಟರಿನ ಬುಡದಲ್ಲಿದೆ.

ಆ ಸಿಟ್ಟು ನನಗೆ ಪುಸ್ತಕದಿಂದ ಅರ್ಥವಾದದ್ದಕ್ಕಿಂತ ಹೆಚ್ಚಾಗಿ ಒಂದು ಪ್ರೌಢಶಾಲೆಯಲ್ಲಿ ಅರ್ಥವಾಯಿತು. ಕೆಲವು ವರ್ಷಗಳ ಹಿಂದೆ ಅಲ್ಲಿಗೆ ದಾನಿಯೊಬ್ಬರು ಆರು ರಾಸ್ಪ್‌ಬೆರಿ ಪೈಗಳನ್ನು ಕೊಟ್ಟಿದ್ದರು. ಅಂಗೈಯಗಲದ, ಆರ್ಮ್ ಪ್ರೊಸೆಸರಿನ ಪುಟ್ಟ ಕಂಪ್ಯೂಟರುಗಳು. ಇನ್ನೊಬ್ಬ ದಾನಿ ಲೇಸರ್ ಪ್ರಿಂಟರ್ ಕೊಟ್ಟಿದ್ದರು. ಮಕ್ಕಳು ತಮ್ಮ ಪತ್ರಿಕೆಯ ಕಥೆ ಕವಿತೆಗಳನ್ನು ಆ ಪೈಗಳಲ್ಲೇ ಟೈಪು ಮಾಡಿ ಮುಗಿಸಿದ್ದರು. ಕನ್ನಡ ಮೇಡಂ ಫೋನ್ ಮಾಡಿ, ‘ಸಾರ್, ಲೈಟೇನೋ ಹತ್ತುತ್ತೆ, ಕಾಗದ ಮಾತ್ರ ಎಳೀತಿಲ್ಲ, ಒಂದ್ಸಲ ಬಂದು ನೋಡ್ತೀರಾ?’ ಎಂದರು. ಹೋಗಿ ನೋಡಿದೆ. ಪ್ರಿಂಟರ್ ಕಂಪನಿ ಲಿನಕ್ಸಿಗೆಂದು ಡ್ರೈವರ್ ಕೊಟ್ಟಿತ್ತು, ಆದರೆ ಇಂಟೆಲ್ ಕುಲಕ್ಕೆ ಮಾತ್ರ. ಪೈ ಅದನ್ನು ಓಡಿಸಲು ಹೋಗಿ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂದು ಕೈಚೆಲ್ಲುತ್ತಿತ್ತು. ಕಂಪನಿಗೆ ಬರೆದೆ. ಈ ಯಂತ್ರಕ್ಕೆ ಬೆಂಬಲವಿಲ್ಲ, ಹೊಸ ಮಾದರಿ ಪರಿಶೀಲಿಸಿ ಎಂಬ ಸೌಜನ್ಯದ ಉತ್ತರ ಬಂತು.

ಎಂಟನೆಯ ತರಗತಿಯ ಹುಡುಗಿಯೊಬ್ಬಳು ಪಕ್ಕದಲ್ಲೇ ನಿಂತಿದ್ದಳು. ‘ಪ್ರಿಂಟರ್ ಕೆಟ್ಟೋಗಿದ್ಯಾ ಸಾರ್?’ ಇಲ್ಲ ಎಂದೆ. ‘ಕಂಪ್ಯೂಟರ್?’ ಅದೂ ಇಲ್ಲ. ‘ಮತ್ತೆ ಏನ್ ಕೆಟ್ಟಿದೆ?’ ಈ ಪ್ರಶ್ನೆಗೆ ಅವಳಿಗೆ ಒಪ್ಪಿಗೆಯಾಗುವ ಉತ್ತರ ನನ್ನಲ್ಲಿರಲಿಲ್ಲ. ಇಂಟೆಲ್ ಪ್ರೊಸೆಸರಿನ ವೇಷ ಹಾಕಿ ಆರ್ಮ್ ಮೇಲೆ ಆ ಡ್ರೈವರನ್ನು ಓಡಿಸುವ ಕ್ವೆಮು ಎಂಬ ತಂತ್ರಾಂಶವಿದೆ. ಅದನ್ನು ಹೂಡಿದಾಗ ಪುಟ ಬಂತು, ಆದರೆ ಒಂದು ಪುಟಕ್ಕೆ ಹೊರಗೆ ಹೋಗಿ ಚಹಾ ಕುಡಿದು ಬರುವಷ್ಟು ಹೊತ್ತು. ಕೊನೆಗೆ ದಾರಿಯಾದದ್ದು ಸಿಬ್ಬಂದಿ ಕೋಣೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಪೆಂಟಿಯಮ್. ಅದಕ್ಕೆ ಲಿನಕ್ಸ್ ಹಾಕಿ, ಪ್ರಿಂಟರನ್ನು ಅದಕ್ಕೆ ಕಟ್ಟಿ, ಪೈಗಳು ಅದಕ್ಕೆ ಪಿಡಿಎಫ್ ಕಳಿಸುವಂತೆ ಮಾಡಿದೆವು. ಪಿಡಿಎಫ್‌ನೊಳಗೆ ಅಕ್ಷರಗಳ ಆಕಾರವೂ ಸೇರಿರುವುದರಿಂದ ಆ ಪೆಂಟಿಯಮ್ಮಿನಲ್ಲಿ ಒಂದೂ ಕನ್ನಡ ಫಾಂಟ್ ಇಲ್ಲದಿದ್ದರೂ ಒತ್ತಕ್ಷರ ಒಡೆಯದೆ ಪತ್ರಿಕೆ ಬಂತು. 24 ಪುಟ. ಇಂಟೆಲ್ ಕುಲದ ಒಂದು ಮುದಿಜೀವ ದುಭಾಷಿಗೆ ಮನೆ ಕೊಡಲೆಂದೇ ದಿನವಿಡೀ ಕರೆಂಟು ತಿನ್ನುವಂತಾಯಿತು.

ಆ ಪೆಂಟಿಯಮ್ಮಿನಲ್ಲಿ ಕೆಲಸ ಮಾಡುತ್ತಿದ್ದದ್ದು ಕಪ್ಸ್ ಎಂಬ ಮುದ್ರಣ ವ್ಯವಸ್ಥೆ. ಮೈಕಲ್ ಸ್ವೀಟ್ 1997ರಲ್ಲಿ ಇದನ್ನು ಬರೆಯತೊಡಗಿದರು. 1999ರಲ್ಲಿ ಜನರ ಕೈಗೆ ಬಂತು. 2002ರಲ್ಲಿ ಆಪಲ್ ತನ್ನ ಮ್ಯಾಕ್‌ಗಳಿಗೆ ಅದನ್ನೇ ಅಳವಡಿಸಿಕೊಂಡಿತು. ಕಪ್ಸ್ ಒಳಗೆ ಒಂದು ಹಂತದಿಂದ ಇನ್ನೊಂದಕ್ಕೆ ಚುಕ್ಕಿಚಿತ್ರ ಸಾಗಿಸುವ ಕಡತದ ಬಗೆಯೊಂದಿದೆ. ಅದರ ಮೂಲ ಆವೃತ್ತಿಯಲ್ಲಿ ಮೊದಲ ನಾಲ್ಕು ಅಕ್ಷರ ಆರ್, ಎ, ಎಸ್, ಟಿ. ಸಣ್ಣ ತುದಿಯ ಪಂಗಡದ ಪ್ರೊಸೆಸರ್ ಬರೆದಿದ್ದರೆ ಅದೇ ಅಕ್ಷರಗಳು ಟಿ, ಎಸ್, ಎ, ಆರ್ ಎಂದು ಹಿಂದುಮುಂದಾಗಿ ಕಾಣುತ್ತವೆ. ಓದುವವರು ಈ ನಾಲ್ಕಕ್ಷರ ನೋಡಿ ಬರೆದವರ ಕುಲ ತಿಳಿದು, ಬೇಕಿದ್ದರೆ ಮುಂದಿನದೆಲ್ಲವನ್ನೂ ತಿರುಗಿಸಿಕೊಳ್ಳುತ್ತಾರೆ. ಡ್ಯಾನಿ ಕೋಹೆನ್ ಕೇಳಿದ ಒಪ್ಪಂದ ಆಗದಿದ್ದರೂ, ಬಾಗಿಲಲ್ಲೇ ‘ನೀವು ಯಾವ ಕಡೆಯವರು?’ ಎಂದು ಕೇಳಿ ಒಳಗೆ ಬಿಟ್ಟುಕೊಳ್ಳುವ ಮರ್ಯಾದೆ ಬೆಳೆದಿತ್ತು.

ಹಗ್ಗ ಮತ್ತೆ ಪ್ರಿಂಟರಿನ ಕಡೆಗೆ ಸರಿದದ್ದು ಮೊಬೈಲಿನಿಂದ. ಐಫೋನಿನಲ್ಲಿ ಡ್ರೈವರ್ ಹಾಕಲು ಜಾಗವೇ ಇಲ್ಲ. ಆಪಲ್ ಬಿಡುವುದೂ ಇಲ್ಲ. 2010ರ ನವೆಂಬರಿನಲ್ಲಿ ಏರ್‌ಪ್ರಿಂಟ್ ತಂದಾಗ ಅದು ಪ್ರಿಂಟರ್ ಕಂಪನಿಗಳಿಗೆ ಹೇಳಿದ್ದರ ಸಾರಾಂಶ, ನಮ್ಮ ಫೋನು ನಿಮ್ಮ ಭಾಷೆ ಕಲಿಯುವುದಿಲ್ಲ, ನಿಮ್ಮ ಪ್ರಿಂಟರೇ ನಮ್ಮ ಭಾಷೆ ಕಲಿಯಲಿ. ಇಪ್ಪತ್ತು ವರ್ಷ ಗೋಗರೆದರೂ ಬಗ್ಗದ ಕಂಪನಿಗಳು ಫೋನು ಹಿಡಿದ ಗ್ರಾಹಕರ ಸಂಖ್ಯೆ ಕಂಡು ಬಗ್ಗಿದವು. ಇದನ್ನು ತತ್ತ್ವದ ಗೆಲುವೆಂದು ಕರೆಯಲು ನನಗೆ ಮನಸ್ಸಿಲ್ಲ. 2013ರಲ್ಲಿ ಕ್ಯಾನನ್, ಎಚ್‌ಪಿ, ಸ್ಯಾಮ್‌ಸಂಗ್, ಜೆರಾಕ್ಸ್ ಸೇರಿ ಮೋಪ್ರಿಯಾ ಎಂಬ ಕೂಟ ಕಟ್ಟಿ ಆಂಡ್ರಾಯ್ಡ್ ಕಡೆಗೂ ಇಂಥದೇ ಸಾಮಾನ್ಯ ಭಾಷೆಯನ್ನು ತಂದವು. 2023ರಲ್ಲಿ ಮೈಕ್ರೋಸಾಫ್ಟ್, ಹೊರಗಿನ ಕಂಪನಿಗಳ ಪ್ರಿಂಟರ್ ಡ್ರೈವರುಗಳನ್ನು ಹಂತಹಂತವಾಗಿ ಕೈಬಿಡುವುದಾಗಿ ಪ್ರಕಟಿಸಿತು. ಆರ್ಮ್ ಪ್ರೊಸೆಸರಿನ ವಿಂಡೋಸ್ ಲ್ಯಾಪ್‌ಟಾಪುಗಳಿಗೆ ಹಳೆಯ ಇಂಟೆಲ್ ಡ್ರೈವರುಗಳು ನಡೆಯುವುದಿಲ್ಲ. ಅವು ನೆಚ್ಚಿಕೊಂಡಿರುವುದೂ ಇದೇ ಸಾಮಾನ್ಯ ಭಾಷೆಯನ್ನು.

ಆ ಭಾಷೆ ಬಾರದ ಹಳೆಯ ಪ್ರಿಂಟರುಗಳು ಇನ್ನೂ ಲೆಕ್ಕವಿಲ್ಲದಷ್ಟಿವೆ. ಅವಕ್ಕಾಗಿ ಮೈಕಲ್ ಸ್ವೀಟ್ ಆಪಲ್ ಬಿಟ್ಟ ಮೇಲೆ, ಮತ್ತು ಓಪನ್‌ಪ್ರಿಂಟಿಂಗ್ ಬಳಗದವರು, ಹೊಸದೊಂದು ಏರ್ಪಾಡು ಮಾಡುತ್ತಿದ್ದಾರೆ. ಡ್ರೈವರನ್ನು ಕಂಪ್ಯೂಟರಿನ ಒಳಗಿಂದ ಹೊರತೆಗೆದು, ತಾನೇ ಹೊಸ ಕಾಲದ ಪ್ರಿಂಟರ್ ಎಂದು ಜಾಲದಲ್ಲಿ ಹೇಳಿಕೊಳ್ಳುವ ಸಣ್ಣ ಪ್ರೋಗ್ರಾಮಾಗಿ ನಿಲ್ಲಿಸುವುದು. ಕೇಳುವವರು ಅದನ್ನೇ ಪ್ರಿಂಟರ್ ಎಂದುಕೊಂಡು ಮಾತಾಡುತ್ತಾರೆ. ಅದು ಹಿಂದೆ ತಿರುಗಿ ಹಳೆಯ ಪ್ರಿಂಟರಿಗೆ ಹಳೆಯ ಮಾತಿನಲ್ಲಿ ಹೇಳುತ್ತದೆ. ಶಾಲೆಯ ಪೆಂಟಿಯಮ್ ಮಾಡುತ್ತಿದ್ದದ್ದೂ ಹೆಚ್ಚು ಕಡಿಮೆ ಇದನ್ನೇ. ಆದರೆ ಮೂಲ ಬರಹವಿಲ್ಲದ ಡ್ರೈವರುಗಳಿಗೆ ಇಲ್ಲೂ ಪ್ರೊಸೆಸರಿನ ಕುಲದ ತಡೆ ಹಾಗೆಯೇ ಉಳಿಯುತ್ತದೆ.

ಲೇಸರ್‌ರೈಟರಿನ ಕಥೆಗೂ ಒಂದು ಬಾಲವಿದೆ. ಅದನ್ನು ಮಾರಿದ ಆಪಲ್ಲೇ 2022ರ ವೆಂಚುರಾ ಆವೃತ್ತಿಯಿಂದ ತನ್ನ ಪ್ರಿವ್ಯೂ ತಂತ್ರಾಂಶದಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಕಡತ ತೆರೆಯುವುದನ್ನು ನಿಲ್ಲಿಸಿದೆ. ಆದರೆ 1985ರ ಆ ಯಂತ್ರ ಎಲ್ಲಾದರೂ ಸುಸ್ಥಿತಿಯಲ್ಲಿದ್ದರೆ, ಈವತ್ತಿನ ಆರ್ಮ್ ಕಂಪ್ಯೂಟರಿನಲ್ಲಿ ಕೈಯಾರೆ ಬರೆದ ‘72 720 ಮೂವ್‌ಟು’ ಅದಕ್ಕೆ ಅರ್ಥವಾಗುತ್ತದೆ. ಅದರ ಬೆನ್ನಿನಲ್ಲಿ 25 ಪಿನ್ನಿನ ಸೀರಿಯಲ್ ಕಂಡಿಯಿದೆ. ಹೊಂದುವ ಕೇಬಲ್ ಹುಡುಕಿಕೊಳ್ಳಬೇಕು, ಅಷ್ಟೆ.